ಕಾಗಾಲದ ಚಕ್ರಗಳು

ಮುಟ್ಟಳ್ಳಿಯ ಮಾದೇವ ನಾಯ್ಕರು ತೆಂಗಿನಗುಂಡಿಯ ಮರಳಿನ ಮೇಲೆ ಲಾರಿ ನಡೆಸಿದ್ದು ನಿನ್ನೆ ಮೊನ್ನೆಯ ಮಾತಲ್ಲ. ಆ ವರ್ಷ ಮಳೆಗಾಲ ಹೇಳದೆ ಕೇಳದೆ ಬಂದಿತ್ತು. ದೋಣಿಗಳನ್ನು ದಡದ ಮೇಲಕ್ಕೆ ಎಳೆದಿಡುವ ಮೊದಲೇ ಕಡಲು ಉಬ್ಬರಿಸಿ ಎದ್ದಿತು. ಹೆಗಲು ಕೊಟ್ಟು ದೂಡಿದವರ ಕಾಲುಗಳು ಮೊಣಕಾಲಿನವರೆಗೆ ಹೂತವು. ಭಟ್ಕಳದಿಂದ ತರಿಸಿದ ಟ್ರ್ಯಾಕ್ಟರು ಅಚ್ಚಿನ ತನಕ ಇಳಿದು ಅಲ್ಲೇ ಕುಳಿತುಬಿಟ್ಟಿತು. ಸೈನ್ಯದಲ್ಲಿ ಲಾರಿ ಚಾಲಕರಾಗಿ ದುಡಿದು ಊರಿಗೆ ಮರಳಿ, ಸೈನ್ಯದ್ದೇ ಹಳೆಯ ಲಾರಿಯೊಂದನ್ನು ಹರಾಜಿನಲ್ಲಿ ಹಿಡಿದು ತಂದು, ‘ಮಾದೇವ ಎಣ್ಣೆ ಕುಡಿಯುವ ಕೋಣ ಕಟ್ಟಿದ್ದಾನೆ’ ಎಂದು ಊರವರ ನಗೆಗೆ ಗುರಿಯಾಗಿದ್ದ ಮಾದೇವ ನಾಯ್ಕರು ಆ ಕೋಣವನ್ನೇ ಹೊಡೆದುಕೊಂಡು ದಂಡೆಗೆ ಬಂದರು. ಅದೂ ಹೂತಿತು. ಗುದ್ದಲಿಯಿಂದ ಬಗೆದರು, ತೆಂಗಿನ ಮಡಲು ಹಾಸಿದರು. ಹೂತದ್ದು ಇನ್ನಷ್ಟು ಹೂತಿತು. ಕೊನೆಗೆ ಅವರು ಮಂಡಿಯೂರಿ ಕುಳಿತು, ನಾಲ್ಕು ಚಕ್ರಗಳ ಗಾಳಿಯನ್ನೂ ಬಿಡತೊಡಗಿದರು. ನೆರೆದವರು ಮಾದೇವನಿಗೆ ತಲೆ ಕೆಟ್ಟಿತೆಂದುಕೊಂಡರು. ಟಯರುಗಳು ಉಣ್ಣಲು ಕುಳಿತವರ ತೊಡೆಗಳಂತೆ ಹರಡಿಕೊಂಡವು. ಮರು ಗಳಿಗೆಯಲ್ಲಿ ಲಾರಿ ಮರಳಿನ ಮೇಲೆ ನಡೆಯಿತು. ಸಂಜೆಯ ಹೊತ್ತಿಗೆ ಊರಿನ ದೋಣಿಗಳೆಲ್ಲ ತೆಂಗಿನ ಬುಡ ಸೇರಿದ್ದವು. ಲಾರಿ ರಸ್ತೆಗೆ ಹತ್ತಿದ ಮೇಲೆ ಅವರು ಟಯರುಗಳಿಗೆ ಮತ್ತೆ ಗಾಳಿ ತುಂಬಿದರು. ಸ್ಟಿಯರಿಂಗು ಹಿಡಿದ ಅಂಗೈಗಳು ಹೇಗೆ ಬೊಬ್ಬೆಯೆದ್ದಿದ್ದವೆಂದರೆ, ಮರುದಿನ ಅವರಿಗೆ ಹೆಂಡತಿಯೇ ಅನ್ನ ಕಲಸಿ ಉಣ್ಣಿಸಬೇಕಾಯಿತು.

ಅಂದಿನಿಂದ ಅವರು ‘ಗಾಳಿ ಮಾದೇವಣ್ಣ’ ಆದರು. ಮದುವೆಯ ಚಪ್ಪರದಲ್ಲಿ, ಸೊಸೈಟಿಯ ಜಗುಲಿಯಲ್ಲಿ, ಮೀನು ಮಾರುಕಟ್ಟೆಯ ಕಟ್ಟೆಯಲ್ಲಿ ಆ ಕತೆ ನಡೆಯಿತು. ತಂದೆಯಿಲ್ಲದ ಕಾರಣ ಅವರ ಮನೆಯಲ್ಲೇ ಬೆಳೆದ ತಂಗಿಯ ಮಗ ನಿತೇಶನಂತೂ ಅದನ್ನು ಕೇಳದೆ ಮಲಗಿದ ದಿನವೇ ಇರಲಿಲ್ಲ. ಈಗ ಅವನಿಗೆ ಹೆಂಡತಿಯಿದ್ದಳು, ಹಾಲುಗಲ್ಲದ ಮಗಳಿದ್ದಳು. ಲಾರಿಯೂ ಅವನ ಕೈಗೆ ಬಂದಿತ್ತು. ಪ್ರತಿ ವರ್ಷ ಮಳೆಗೆ ಮುನ್ನ ತೆಂಗಿನಗುಂಡಿಯ ದೋಣಿಗಳನ್ನು ಮೇಲಕ್ಕೆ ಎಳೆಯುವುದು ಆ ಲಾರಿಯದೇ ಹಕ್ಕು ಎಂಬಂತಾಗಿತ್ತು.

ಈ ವರ್ಷದ ಮೇ ತಿಂಗಳಲ್ಲಿ ಲಾರಿಯ ಚಕ್ರಗಳನ್ನು ಕಳಚಿ, ಬಣ್ಣ ಕೆರೆದು ನೋಡಿದಾಗ ಮಾದೇವ ನಾಯ್ಕರು ಉಳಿಯನ್ನು ಕೆಳಗಿಟ್ಟರು. ಟಯರು ಬಿರಿದಿದ್ದವು, ಅದು ನಿರೀಕ್ಷಿಸಿದ್ದೇ. ಆದರೆ ಕಬ್ಬಿಣದ ಚಕ್ರಗಳನ್ನೂ ಕಡಲ ಉಪ್ಪು ಒಳಗೊಳಗೇ ತಿಂದುಹಾಕಿತ್ತು. ಅವು ಸಾಮಾನ್ಯ ಲಾರಿಯ ಚಕ್ರಗಳಲ್ಲ. ಎರಡು ಬೋಗುಣಿಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲಿಸಿ, ಸುತ್ತಲೂ ಬೋಲ್ಟು ಬಿಗಿದಂಥ ರಚನೆ. ಟಯರಿನ ಎರಡೂ ಅಂಚುಗಳನ್ನು ಒಳಗಿನಿಂದ ಅದುಮಿ ಹಿಡಿಯಲು ನಡುವೆ ಒಂದು ಉಕ್ಕಿನ ಪಟ್ಟಿ. ಒಂದು ಚಕ್ರದಲ್ಲಿ ಬೋಲ್ಟಿನ ತೂತಿನಿಂದ ತೂತಿಗೆ ಕೂದಲೆಳೆಯಂಥ ಬಿರುಕು ಓಡಿತ್ತು.

“ಎಂತ ಅದೆ ಮಾವ? ವೆಲ್ಡಿಂಗ್ ಮಾಡ್ಸುವನಾ?” ಎಂದ ನಿತೇಶ.

“ಇದಕ್ಕೆ ವೆಲ್ಡಿಂಗು ಮಾಡ್ಸಿದ್ರೆ ಚಕ್ರ ಉಳೀತದೆ, ಜನ ಉಳಿಯೂದಿಲ್ಲ. ಹೊಸದು ನೋಡೂದೇ.”

ಮರುದಿನ ಮಾವ ಅಳಿಯ ಇಬ್ಬರೂ ಹೊನ್ನಾವರದ ಗುಜರಿ ಅಂಗಡಿಗೆ ಹೋದರು. ಅಂಗಡಿಯ ಸೋಮ ಮಾತಿನಲ್ಲಿ ಬಡವನಲ್ಲ. ಉಬ್ಬು ಹಲ್ಲಿನ ದೊಡ್ಡ ಟಯರೊಂದನ್ನು ಉರುಳಿಸಿಕೊಂಡು ಬಂದು, ನಾಯ್ಕರ ಮುಂದೆ ನಿಲ್ಲಿಸಿ ತಟ್ಟಿದ. “ಹಲ್ಲು ಕಾಣಿ ಒಡೇರೆ, ಹುಲಿ ಹಲ್ಲು! ಹತ್ತು ವರ್ಷ ತಿರುಗಿ ನೋಡೂದು ಬೇಡ.”

“ಹಲ್ಲಿದ್ದದ್ದು ಮರಳ ಕಚ್ಚೂಕೆ ಹೋಗ್ತದೆ. ಕಚ್ಚಿದ್ದೇ ಹೂತು ಹೋಗ್ತದೆ. ಹಲ್ಲು ಸವದದ್ದು ತೋರ್ಸು. ಪಕ್ಕೆ ಮೆತ್ತಗಿರ್ಬೇಕು.”

“ಊರೆಲ್ಲ ಹಲ್ಲಿದ್ದದ್ದು ಕೇಳ್ತ್ರು, ನೀವು ಬೋಳು ಕೇಳ್ತ್ರಿ. ನಿಮ್ಮ ಕರ್ಕಂಡು ಹೆಣ್ಣು ನೋಡೂಕೆ ಹೋಗೂಕಾಗೂದಿಲ್ಲ ಮಾರಾಯ್ರೆ!”

ನಿತೇಶ ನಕ್ಕ. ನಾಯ್ಕರು ನಗಲಿಲ್ಲ. ಬಿಸಿಲಿನಲ್ಲಿ ರಾಶಿ ಬಿದ್ದಿದ್ದ ಟಯರುಗಳ ನಡುವೆ ಓಡಾಡಿ, ಒಂದೊಂದರ ಪಕ್ಕೆಯನ್ನೂ ಹಲಸಿನ ಹಣ್ಣು ನೋಡುವವರಂತೆ ಹೆಬ್ಬೆರಳಿನಿಂದ ಒತ್ತಿ, ಒಳಕ್ಕೆ ಕೈ ಹಾಕಿ ದಾರ ಕಿತ್ತಿದೆಯೇ ಎಂದು ಸವರಿ, ಕೊನೆಗೆ ತಮಗೆ ಬೇಕಾದಷ್ಟನ್ನು ಆರಿಸಿ ಬದಿಗಿಟ್ಟರು. ಅಷ್ಟರ ತನಕ ಎಲ್ಲವೂ ಸರಿಯಾಗಿತ್ತು. ಅನಂತರ ಸೋಮ ಚಕ್ರಗಳನ್ನು ತಂದ.

ಅವು ಹಳೆಯ ಸರಕು ಲಾರಿಯ ಚಕ್ರಗಳು. ತುಕ್ಕು ಕಡಿಮೆ, ಅಳತೆ ಸರಿ, ನಾಯ್ಕರ ಲಾರಿಯ ತೂತುಗಳಿಗೂ ಕೂರುತ್ತಿದ್ದವು. ಆದರೆ ಟಯರನ್ನು ತಡೆದು ಹಿಡಿಯುತ್ತಿದ್ದದ್ದು ಬೋಲ್ಟುಗಳಲ್ಲ. ಹೊರಮುಖದಲ್ಲಿ ಸುತ್ತ ಕೊರೆದ ಕಾಲುವೆಯಂಥ ತೋಡಿನಲ್ಲಿ ಕೂರಿಸಿದ ಒಂದು ಉಕ್ಕಿನ ಬಳೆ. ಗಾಳಿ ತುಂಬಿದಾಗ ಟಯರು ಒಳಗಿನಿಂದ ಒತ್ತುತ್ತದೆ, ಬಳೆ ಹೊರಗಿನಿಂದ ತಡೆಯುತ್ತದೆ. ನಾಯ್ಕರು ಆ ಬಳೆಯನ್ನು ಕಂಡದ್ದೇ ಎರಡು ಹೆಜ್ಜೆ ಹಿಂದೆ ಸರಿದರು.

“ಇದು ಬೇಡ.”

“ಎಂತಕ್ಕೆ ಬೇಡ? ಅಷ್ಟೂ ಲಾರಿ ಇದ್ರ ಮೇಲೇ ಓಡ್ತದೆ ಅಲಾ?” ಎಂದ ನಿತೇಶ.

“ಅವು ರೋಡಲ್ಲಿ ಓಡೂವು.”

“ನಮ್ದು ರೋಡಿಂದ್ಲೇ ದಂಡೆಗೆ ಹೋಗೂದು, ಹಾರ್ಕಂಡು ಹೋಗೂದಲ್ಲ.”

“ಬೇಡ ಅಂದ್ರೆ ಬೇಡ.”

ಸೈನ್ಯದಲ್ಲಿ ಆಜ್ಞೆಯ ಜೊತೆಗೆ ಕಾರಣ ಬರುವುದಿಲ್ಲ. ಆ ಅಭ್ಯಾಸ ನಾಯ್ಕರನ್ನು ಬಿಟ್ಟಿರಲಿಲ್ಲ. ಅಲ್ಲದೆ ಗುಜರಿಯವನೆದುರು ವಿವರಿಸುತ್ತ ನಿಲ್ಲುವುದು ಅವರಿಗೆ ಸೇರಲಿಲ್ಲ. ಆ ಕಾರಣವಾದರೂ ಅವರು ಯಾರ ಮುಂದೆಯೂ ಎತ್ತದಂಥದು. ಸೈನ್ಯದ ಗ್ಯಾರೇಜಿನಲ್ಲಿ ಅವರ ಜೊತೆಗೆ ಉಣ್ಣುತ್ತಿದ್ದ ಮೆಕ್ಯಾನಿಕನೊಬ್ಬ, ಗಾಳಿ ಕಡಿಮೆಯಾಗಿ ಓಡಿಬಂದ ಇಂಥದೇ ಚಕ್ರಕ್ಕೆ ಮುಖವೊಡ್ಡಿ ಗಾಳಿ ತುಂಬುತ್ತಿದ್ದಾಗ ಬಳೆ ಹಾರಿತ್ತು. ಗಾಳಿ ಇಳಿದ ಟಯರಿನ ಮೇಲೆ ಭಾರ ಹೊತ್ತು ಓಡಿದರೆ ಬಳೆ ತನ್ನ ತೋಡಿನಿಂದ ಜಾರಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ, ಮತ್ತೆ ಗಾಳಿ ತುಂಬಿದಾಗ ಅದು ಬಳೆಯಾಗಿ ಉಳಿಯುವುದಿಲ್ಲ. ಆ ಮನುಷ್ಯನ ಮುಖವನ್ನು ಬಟ್ಟೆಯಿಂದ ಮುಚ್ಚಿದವರು ಮಾದೇವ ನಾಯ್ಕರೇ.

ಹೀಗೆ ಟಯರುಗಳನ್ನಷ್ಟೇ ಹೇರಿಕೊಂಡು ಇಬ್ಬರೂ ಮನೆಗೆ ಬಂದರು. ಕುಮಟೆಯ ಕಡೆಯ ಕಾಗಾಲದಲ್ಲಿ ದಿನಕರನೆಂಬವನ ಮನೆಯ ಹಿಂದೆ ಇಂಥದೇ ಮಿಲಿಟರಿ ಲಾರಿಯೊಂದು ನಿಂತಿದೆಯೆಂದು ಯಾರೋ ಹೇಳಿದ್ದು ನಾಯ್ಕರಿಗೆ ನೆನಪಾಯಿತು. ಅವನ ತಂದೆ ಅದರಲ್ಲಿ ಘಟ್ಟದಿಂದ ಮರದ ದಿಮ್ಮಿ ಇಳಿಸುತ್ತಿದ್ದನಂತೆ. ಮರುದಿನ ಬೆಳಗಿನ ಬಸ್ಸಿಗೆ ನಾಯ್ಕರು ಒಬ್ಬರೇ ಹೊರಟರು.

“ನಾ ಬರೂತನಕ ಲಾರಿ ಮುಟ್ಬೇಡ,” ಎಂದರು.

“ಮಳೆ ಬರೂತನಕ ಕಾಯೂದಾ ಹಾಗಾರೆ?” ಎಂದು ನಿತೇಶ ಬೆನ್ನಿಗೆ ಕೇಳಿದ. ಅವರು ಬಸ್ಸಿನ ದಾರಿ ಹಿಡಿದರು.

ಕಾಗಾಲದಲ್ಲಿ ಆ ಲಾರಿ ಸೋಗೆಯ ಮಾಡಿನ ಕೆಳಗೆ ಚಿರೆಕಲ್ಲುಗಳ ಮೇಲೆ ನಿಂತಿತ್ತು. ಚಾಲಕನ ಆಸನದಲ್ಲಿ ಕೋಳಿಯೊಂದು ಕಾವು ಕೂತಿತ್ತು. ನೆಲಕ್ಕೆ ತಾಗದ ಕಾರಣ ಚಕ್ರಗಳು ಗಟ್ಟಿಯಾಗಿದ್ದವು. ನಾಯ್ಕರು ಸುತ್ತಿಗೆಯಿಂದ ಒಂದೊಂದನ್ನೂ ಬಡಿದು, ಕಿವಿಗೊಟ್ಟು ಕೇಳಿದರು. ದೇವಸ್ಥಾನದ ಜಾಗಟೆಯಂತೆ ತುಂಬು ದನಿ ಬಂತು. ಬಿರುಕಿದ್ದರೆ ದನಿ ಒಡೆಯುತ್ತದೆ.

“ತಕಂಡು ಹೋಗಿ ಮಾರಾಯ್ರೆ,” ಎಂದ ದಿನಕರ. “ನಮ್ಮ ಕೋಳಿಗೆ ಹ್ಯಾಂಡಲ್ ಸಾಕು, ಚಕ್ರ ಬೇಡ.”

ಆದರೆ ಎಷ್ಟೋ ವರ್ಷಗಳಿಂದ ಅಲುಗದ ನಟ್ಟುಗಳು ಸುಲಭಕ್ಕೆ ಬಗ್ಗಲಿಲ್ಲ. ಎಣ್ಣೆ ಕುಡಿಸುವುದು, ಕಾಯುವುದು, ಬಡಿಯುವುದು, ಮತ್ತೆ ಎಣ್ಣೆ ಕುಡಿಸುವುದು. ನಾಯ್ಕರು ದಿನಕರನ ಮನೆಯಲ್ಲೇ ಉಳಿದರು. ಈ ನಡುವೆ ಪಡುವಣ ದಿಕ್ಕಿನಲ್ಲಿ ಮೋಡ ದಪ್ಪವಾಗುತ್ತ ಬಂತು. ಕಡಲಿಗೆ ಇಳಿಯಬಾರದೆಂಬ ಎಚ್ಚರಿಕೆ ಟಿ.ವಿ.ಯಲ್ಲಿ ಮತ್ತೆ ಮತ್ತೆ ಬಂತು. ಕೊನೆಯ ಚಕ್ರ ಕಳಚಿ, ದಿನಕರನ ಪಿಕಪ್ಪಿಗೆ ಎಲ್ಲವನ್ನೂ ಹೇರಿ ಹಗ್ಗ ಬಿಗಿಯುತ್ತಿದ್ದಾಗ ನಾಯ್ಕರ ಫೋನು ಕೂಗಿತು. ನಿತೇಶನ ಹೆಂಡತಿ ರೋಹಿಣಿ.

“ಮಾವ, ಇವರು ಲಾರಿ ತಕಂಡು ತೆಂಗಿನಗುಂಡಿಗೆ ಹೋದ್ರು. ದೋಣಿ ಮಂಜಣ್ಣ ಬೆಳಿಗ್ಗೆ ಓಡ್ಕಂಡು ಬಂದಿದ್ದ, ಕಡಲು ಏರ್ತಾ ಅದೆ ಹೇಳಿ.”

“ಲಾರಿಗೆ ಚಕ್ರವೇ ಇಲ್ಲ, ಹೋದದ್ದು ಹ್ಯಾಗೆ?”

“ನಿನ್ನೆ ಹೊನ್ನಾವರದಿಂದ ತಂದ್ರು ಮಾವ. ನಿಮ್ಗೆ ಹೇಳೂದು ಬೇಡ ಅಂದಿದ್ರು.”

ನಾಯ್ಕರ ಕೈಯಲ್ಲಿದ್ದ ಹಗ್ಗ ಜಾರಿತು. ನಿತೇಶ ದಂಡೆಯಲ್ಲಿ ಏನು ಮಾಡುತ್ತಾನೆಂದು ಅವರು ಯಾರನ್ನೂ ಕೇಳಬೇಕಾಗಿರಲಿಲ್ಲ. ಮರಳಿಗೆ ಇಳಿಯುವ ಮೊದಲು ಗಾಳಿ ಬಿಡುತ್ತಾನೆ. ದೋಣಿಗಳ ಭಾರ ಎಳೆಯುತ್ತಾನೆ. ಕೆಲಸ ಮುಗಿದ ಮೇಲೆ ರಸ್ತೆಗೆ ಹತ್ತಿ, ಬ್ರೇಕಿನ ಗಾಳಿ ಡಬ್ಬಿಯಿಂದ ಪೈಪು ಎಳೆದು, ಚಕ್ರದ ಮುಂದೆ ಮುಖವಿಟ್ಟು ಕುಳಿತು ಮತ್ತೆ ಗಾಳಿ ತುಂಬುತ್ತಾನೆ. ಕತೆಯಲ್ಲಿ ಹಾಗೇ ಇದೆ.

“ನಾ ಬರೂತನಕ ಗಾಳಿ ತುಂಬೂದು ಬೇಡ ಹೇಳು. ಫೋನ್ ಮಾಡು. ಎತ್ತದಿದ್ರೆ ಮಂಜುಗೆ ಮಾಡು. ಬಿಡ್ಬೇಡ,” ಎಂದವರೇ ಪಿಕಪ್ಪು ಹತ್ತಿದರು.

ಕುಮಟೆ ದಾಟುವ ತನಕ ದಿನಕರ ಏನೇನೋ ಮಾತಾಡಿದ. ಅನಂತರ ಪಕ್ಕದವರ ಮುಖ ನೋಡಿ ವೇಗ ಹೆಚ್ಚಿಸಿದ. ನಾಯ್ಕರು ನಿತೇಶನಿಗೆ ಕರೆ ಮಾಡುತ್ತಲೇ ಇದ್ದರು. ಅತ್ತ ಫೋನು ರಿಂಗಾಗುತ್ತಲೇ ಇತ್ತು. ಹೊನ್ನಾವರದ ಸೇತುವೆಯ ಮೇಲೆ ಗಾಳಿ ಪಿಕಪ್ಪನ್ನು ಬದಿಗೆ ತಳ್ಳಿತು. ಕೆಳಗೆ ಶರಾವತಿಯ ನೀರು ಸೀಸದ ಬಣ್ಣಕ್ಕೆ ತಿರುಗಿತ್ತು. ಗುಜರಿ ಅಂಗಡಿಯ ಮುಂದೆ ಹಾಯುವಾಗ ಅವರ ಮನಸ್ಸಿನಲ್ಲಿ ಕೆಟ್ಟದೊಂದು ಸಂಶಯ ಹುಟ್ಟಿತು. ಬೇಡವೆಂದದ್ದು ಬಳೆಯ ಭಯದಿಂದ ಮಾತ್ರವೇ? ಹೊಸ ಚಕ್ರ ಹಾಕಿ, ಹೊಸ ಕೈ ನಡೆಸಿ, ಆ ದಂಡೆಯಲ್ಲಿ ಇನ್ನೊಬ್ಬನ ಹೆಸರು ಏಳುವುದು ತಮಗೆ ಒಗ್ಗದೆ ಹೋಯಿತೇ? ಕಾರಣ ಹೇಳಿದ್ದರೆ ನಿತೇಶ ಕೇಳುತ್ತಿದ್ದ. ಹೇಳಲಿಲ್ಲವೇಕೆ? ಮಂಕಿ ಹೋಯಿತು, ಶಿರಾಲಿ ಬಂತು; ಅವರು ಮತ್ತೆ ನಿತೇಶನ ಸಂಖ್ಯೆ ಒತ್ತಿದರು.

ರೋಹಿಣಿಯ ಸಂದೇಶ ತಲುಪಿತ್ತು. ದಂಡೆಯಲ್ಲಿ ಮಂಜು ಮೊಗೇರ ಅದನ್ನು ಕೂಗಿ ಹೇಳಿದಾಗ ನಿತೇಶ ನಕ್ಕಿದ್ದನಂತೆ. “ಗಾಳಿ ತುಂಬೂಕಾದ್ರೂ ಮಾವ ಬೇಕು ಅಲಾ, ಇಲ್ಲದಿದ್ರೆ ಕತೆಯಲ್ಲಿ ಅವ್ರ ಹೆಸರು ಬರೂದಿಲ್ಲ!” ಎಂದಿದ್ದನಂತೆ. ದೋಣಿ ಎಳೆದು ದಣಿದ ಜನರೆಲ್ಲ ನಕ್ಕಿದ್ದರು.

ಪಿಕಪ್ಪು ತೆಂಗಿನಗುಂಡಿಯ ತಿರುವಿಗೆ ಬಂದಾಗ ದೋಣಿಗಳು ಮೇಲೆ ಸೇರಿಯಾಗಿತ್ತು. ಲಾರಿ ರಸ್ತೆಯ ಅಂಚಿನಲ್ಲಿ ನಿಂತಿತ್ತು, ಇಂಜಿನು ಓಡುತ್ತಿತ್ತು. ಹಿಂದಿನ ಚಕ್ರದ ಎದುರಿಗೆ, ಕಲ್ಲಿನ ಮೇಲೆ ಟವೆಲು ಮಡಿಸಿ ಹಾಕಿಕೊಂಡು, ನಿತೇಶ ಚಕ್ರಕ್ಕೆ ಮುಖವಿಟ್ಟು ಕುಳಿತಿದ್ದ. ಪೈಪು ಬುಸುಗುಡುತ್ತಿತ್ತು. ನಾಯ್ಕರು ದೂರದಿಂದಲೇ ನೋಡಿದರು: ಬಳೆಯ ಒಂದು ತುದಿ ತೋಡಿನಿಂದ ಹೊರಗೆ ನಾಲಗೆ ಚಾಚಿದಂತೆ ನಿಂತಿತ್ತು.

ಕೂಗಲು ಬಾಯಿ ತೆರೆದವರು ಕೂಗಲಿಲ್ಲ. ‘ಚಕ್ರ ನೋಡು’ ಎಂದು ಕೂಗಿದರೆ ಅವನು ಇನ್ನೂ ಹತ್ತಿರ ಬಾಗಿ ಚಕ್ರವನ್ನೇ ನೋಡುತ್ತಾನೆ. ಅವರು ದಿನಕರನನ್ನು ಪಿಕಪ್ಪಿನಲ್ಲೇ ಇರಹೇಳಿ, ಲಾರಿಯ ಆಚೆ ಬದಿಗೆ ಸುತ್ತಿಬಂದರು. ಗಾಳಿಯ ಡಬ್ಬಿ ಇದ್ದದ್ದು ಆ ಬದಿಯಲ್ಲಿ. ಅದರ ತಿರುಪನ್ನು ಮುಚ್ಚಿದರು. ಬಳಿಕ ದನಿಯನ್ನು ಪ್ರಯತ್ನಪೂರ್ವಕವಾಗಿ ಸಾಮಾನ್ಯಗೊಳಿಸಿಕೊಂಡು ಕರೆದರು:

“ತಮಾ ನಿತೇಶಾ, ಡಬ್ಬಿ ಸೋರ್ತಾ ಅದೆ. ಇಲ್ಲಿ ಬಾ, ಸ್ವಲ್ಪ ಹಿಡ್ಕ.”

“ಬಂದ್ಯಾ ಮಾವ? ಇದೊಂದು ಆಗ್ಲಿ, ಬಂದೆ.”

“ಈಗ ಬಾ. ಕೈ ಸುಡ್ತಾ ಅದೆ.”

ನಿತೇಶ ಎದ್ದ. ಅವನು ಇಂಜಿನಿನ ಮುಂದಿನಿಂದ ಸುತ್ತಿಬಂದು ಕಣ್ಣೆದುರು ನಿಲ್ಲುವ ತನಕ ನಾಯ್ಕರು ಡಬ್ಬಿಯಿಂದ ಕೈ ತೆಗೆಯಲಿಲ್ಲ. ಬಂದವನ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದುಕೊಂಡರು. ಬಲಗೈಯಿಂದ ಡಬ್ಬಿಯ ಬುಡದಲ್ಲಿ ಪೈಪನ್ನು ಕಳಚಿದರು. ಅತ್ತ ಚಕ್ರಕ್ಕೆ ಸಿಕ್ಕಿಸಿದ ತುದಿ ಹಾಗೆಯೇ ಇದ್ದುದರಿಂದ, ಟಯರಿನ ಗಾಳಿ ಪೈಪಿನೊಳಗಿಂದ ಹಿಂದಕ್ಕೆ ನುಗ್ಗಿ ಅವರ ಕೈಯ ಮೇಲೆ ತಣ್ಣಗೆ ಸುರಿಯತೊಡಗಿತು.

“ಎಂತ ಮಾಡ್ತೆ ಮಾವ! ಈಗಷ್ಟೇ ತುಂಬಿದ್ದೆ! ಮೊದ್ಲಿಂದು ತುಂಬಿ ಆತು, ಎಂತದೂ ಆಗ್ಲಿಲ್ಲ. ನಾ ಮಾಡಿದ್ದು ಅಂದ್ರೆ ನಿಂಗೆ…”

“ನಿಲ್ಲು.”

“ಕೈ ಬಿಡು ಮಾವ. ಜನ ನೋಡ್ತ್ರು.”

“ನೋಡ್ಲಿ.”

ಕೈ ಬಿಡಲಿಲ್ಲ. ಮಂಜುವೂ ಉಳಿದವರೂ ಜಗಳವೆಂದು ಭಾವಿಸಿ ಹತ್ತಿರ ಬಂದರು. ನಾಯ್ಕರು ಆಚೆ ಬದಿಗೆ ಯಾರೂ ಹೋಗದಂತೆ ಗದರಿದರು. ಗಾಳಿ ಬಹಳ ಹೊತ್ತು ಹೋಯಿತು. ಬುಸುಗುಟ್ಟುವ ಸದ್ದು ಕ್ಷೀಣಿಸಿ, ನಿಟ್ಟುಸಿರಾಗಿ, ಇನ್ನೇನು ನಿಂತಿತೆನ್ನುವಾಗ ಲಾರಿಯ ಆಚೆ ಬದಿಯಲ್ಲಿ ಕಬ್ಬಿಣ ಕಲ್ಲಿಗೆ ಬಿದ್ದ ಸದ್ದಾಯಿತು.

ಎಲ್ಲರೂ ಸುತ್ತಿಹೋಗಿ ನೋಡಿದರು. ಬಳೆ ತಾನಾಗಿಯೇ ಕಳಚಿ, ನಿತೇಶ ಮಡಿಸಿಟ್ಟ ಟವೆಲಿನ ಮೇಲೆ ಅಡ್ಡವಾಗಿ ಬಿದ್ದಿತ್ತು. ಟಯರಿನ ಅಂಚು ಹರಿದು ಒಳಗಿನ ದಾರ ಕಾಣುತ್ತಿತ್ತು.

“ಗಾಳಿ ಇದ್ದಾಗ ಹಾರಿದ್ರೆ?” ಎಂದು ಮಂಜು ಮೆಲ್ಲಗೆ ಕೇಳಿದ.

ನಾಯ್ಕರು ತಮ್ಮ ಕೊರಳನ್ನು ಮುಟ್ಟಿ ತೋರಿಸಿದರು.

ನಿತೇಶ ಬಳೆಯ ಕೆಳಗಿಂದ ಟವೆಲನ್ನು ಎಳೆದುಕೊಂಡ. ಹೆದರಿಕೆ ಇಳಿಯುವ ಮೊದಲೇ ಸಿಟ್ಟು ಬಂತು. “ನಾ ತಪ್ಪು ಮಾಡಿದ್ದೆಂತ? ನೀ ಹೇಳಿದ್ದೇ ಮಾಡಿದ್ದು! ಗಾಳಿ ಬಿಡೂದು, ಎಳೆಯೂದು, ರೋಡಿಗೆ ಬಂದು ತುಂಬೂದು. ನಾ ಸಣ್ಣಿದ್ದಾಗಿಂದ ಇದೇ ಹೇಳಿದ್ದು ನೀನು. ಚಕ್ರದ ಸುದ್ದಿ ಯಾವಾಗ ಹೇಳಿದ್ದೆ? ಅವತ್ತು ಅಂಗಡೀಲಾದ್ರೂ ಹೇಳಿದ್ಯಾ?”

“ಹೌದು ಮಾದೇವಣ್ಣ,” ಎಂದ ಮಂಜು, ತಗ್ಗಿದ ದನಿಯಲ್ಲಿ. “ಕತೆಯಲ್ಲಿ ಬಳೆ ಇರ್ಲಿಲ್ಲ.”

ಬಳೆ ಇರಲಿಲ್ಲ, ನಿಜ. ಇದ್ದದ್ದು ಬೋಲ್ಟು. ಆ ದಿನಕ್ಕೆ ಮುನ್ನ ವಾರವಿಡೀ ಅವರು ಅಂಗಳದಲ್ಲಿ ಕುಳಿತು ಚಕ್ರಗಳನ್ನು ಬಿಚ್ಚಿ, ಉಕ್ಕಿನ ಪಟ್ಟಿ ಕೂರಿಸಿ, ಒಂದೊಂದು ಬೋಲ್ಟನ್ನೂ ಎದುರು ಬದುರಾಗಿ ಬಿಗಿದು ಕಟ್ಟಿದ್ದರು. ಆದ್ದರಿಂದಲೇ ಗಾಳಿ ಬಿಟ್ಟಾಗಲೂ ಟಯರು ಕದಲಲಿಲ್ಲ. ಮೊದಮೊದಲು ಅದನ್ನೂ ಹೇಳುತ್ತಿದ್ದರು. ‘ಬೋಲ್ಟು ಸಾಕು ಮಾದೇವಣ್ಣ, ಕಡಲಿಗೆ ಬಾ’ ಎನ್ನುತ್ತಿದ್ದರು ಜನ. ಕೇಳುವವರು ಆಕಳಿಸಿದ ಕಡೆಯಲ್ಲೆಲ್ಲ ಕತೆ ಸವೆಯುತ್ತ ಬಂತು. ಕೊನೆಗೆ ಕಡಲೂ ಗಾಳಿಯೂ ಮಾದೇವಣ್ಣನೂ ಉಳಿದರು. ಆ ಸವೆದ ಕತೆಯನ್ನು ನಂಬಿ ಒಬ್ಬ ಮನುಷ್ಯ ಇಂದು ಚಕ್ರಕ್ಕೆ ಮುಖವೊಡ್ಡಿ ಕುಳಿತಿದ್ದ.

ನಾಯ್ಕರು ಉಳಿದ ಮೂರು ಚಕ್ರಗಳ ಗಾಳಿಯನ್ನೂ ಹಾಗೆಯೇ ಪೈಪಿನಿಂದ ಇಳಿಸಿದರು. ದಿನಕರನೂ ಮಂಜುವೂ ಕಾಗಾಲದ ಚಕ್ರಗಳನ್ನು ಕೆಳಗಿಳಿಸಿದರು. ಮಳೆಯ ಮೊದಲ ಹನಿಗಳು ದಪ್ಪಗೆ ಬಿದ್ದವು. ಯಾರೋ ದೋಣಿಗೆ ಮುಚ್ಚುವ ತಾಡಪತ್ರೆಯೊಂದನ್ನು ತಂದು ಲಾರಿಯಿಂದ ತೆಂಗಿನ ಮರಕ್ಕೆ ಎಳೆದು ಕಟ್ಟಿದರು. ಅದರ ಕೆಳಗೆ ನಾಯ್ಕರು ಚಕ್ರದ ಅರ್ಧವೊಂದನ್ನು ಅಂಗಾತ ಹಾಕಿ, ತುಕ್ಕು ಕೆರೆಯತೊಡಗಿದರು. ಉಳಿ ಎರಡು ಸಲ ಜಾರಿತು.

ನಿತೇಶ ದೂರದಲ್ಲಿ ನೆನೆಯುತ್ತ ನಿಂತಿದ್ದ. ಯಾರೂ ಅವನನ್ನು ಕರೆಯಲಿಲ್ಲ. ಜೇಬಿನಲ್ಲಿ ಫೋನು ಕೂಗಿತು, ರೋಹಿಣಿಯದೇ ಇರಬೇಕು. “ಅಡ್ಡಿಲ್ಲ, ಅಡ್ಡಿಲ್ಲ. ಮಾವ ಬಂದ್ರು,” ಎಂದಷ್ಟೇ ಹೇಳಿ ಇಟ್ಟ. ಆಮೇಲೆ ತಾಡಪತ್ರೆಯ ಕೆಳಗೆ ಬಂದು, ಎದುರಿಗೆ ಕುಳಿತು, ಮಾವನ ಕೈಯಿಂದ ಉಳಿಯನ್ನು ತೆಗೆದುಕೊಂಡ. ಸ್ವಲ್ಪ ಹೊತ್ತು ಅವನೇ ಕೆರೆದ.

“ಮಾವ,” ಎಂದ, ತಲೆ ಎತ್ತದೆ. “ಆ ದಿನದ ಕತೆ ಇನ್ನೊಂದ್ಸಲ ಹೇಳು. ಕಡಲಿಗೆ ಆಮೇಲೆ ಹೋಗ್ವ. ಚಕ್ರ ಕಟ್ಟಿದಲ್ಲಿಂದ ಹೇಳು.”